ನಂಜಮ್ಮನಿಗೆ ಲಕ್ವ ಹೊಡೆದದ್ದು

ಮೆಣಸಿನ ಕಾಲದಲ್ಲಿ ಗಂಡಸಿಗೆ ರಜೆ ಕೊಡುವ ಕಂಪನಿ ಈ ಭೂಮಿಯ ಮೇಲೆ ಇಲ್ಲ ಎಂಬುದು ಜವರಪ್ಪನ ತೀರ್ಮಾನವಾಗಿತ್ತು. ಅವನು ಮೂವತ್ತೆಂಟು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಬೆಳಗ್ಗೆ ಆರೂವರೆಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವಾಗ ಯಾರ ಹೊಟ್ಟೆನೋವು ನಿಜ, ಯಾರದ್ದು ನೆಂಟರ ಮನೆ ಊಟದ ಆಸೆ ಎಂದು ಮುಖ ನೋಡಿಯೇ ಹೇಳುತ್ತಿದ್ದ. ನಿವೃತ್ತಿಯಾಗಿ ಆರು ವರ್ಷವಾದರೂ ಆ ಕಣ್ಣು ಮಾತ್ರ ನಿವೃತ್ತಿಯಾಗಿರಲಿಲ್ಲ. ಈಗ ಅದು ಹೆತ್ತ ಮಗನ ಮೇಲೆಯೇ ಬಿದ್ದಿತ್ತು.

ಮಗ ರೇವಂತ ಬಾಳ್ಳುಪೇಟೆಯಲ್ಲಿ ಕಾಫಿ, ಮೆಣಸು ರಫ್ತು ಮಾಡುವ ಕಂಪನಿಯೊಂದರ ಗೋದಾಮಿನ ಸೂಪರ್‌ವೈಸರ್. ಫೆಬ್ರವರಿ ಬಂತೆಂದರೆ ಆ ಗೋದಾಮಿನ ಮುಂದೆ ಮೆಣಸಿನ ಮೂಟೆ ಹೊತ್ತ ಪಿಕಪ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಅಂಥ ಕಾಲದಲ್ಲಿ ರೇವಂತ ಲುಂಗಿ ಉಟ್ಟುಕೊಂಡು, ಜಗಲಿಯ ಮೇಲೆ ಕಾಲು ಚಾಚಿ, ಏಳು ತಿಂಗಳ ಮಗಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದ. ಪಕ್ಕದ ಮಗ್ಗೆ ಊರಿನ ಕಡೆ ಹೋಗುವವರು ಬರುವವರೆಲ್ಲ ಆ ದೃಶ್ಯ ನೋಡಿಕೊಂಡೇ ಹೋಗುತ್ತಿದ್ದರು.

ನಂಜಮ್ಮನಿಗೆ ಮಗನ ಮೇಲೆ ಗಂಡನಷ್ಟು ಅನುಮಾನವಿರಲಿಲ್ಲ. ಆದರೆ ಹೆದರಿಕೆ ಗಂಡನಿಗಿಂತ ಹೆಚ್ಚೇ ಇತ್ತು. ಈ ರಜೆ ಎಲ್ಲಾದರೂ ಸುಳ್ಳಾಗಿದ್ದರೆ, ಅದು ಮುರಿದುಬಿದ್ದ ದಿನವೇ ಮಗು ಅವಳ ಮಡಿಲಿಗೆ ಬರುತ್ತಿತ್ತು. ಶಾಲೆಯ ಸೌಟು ಅವಳ ಕೈಯಿಂದ ಹೋಗುತ್ತಿತ್ತು. ಊರಿನ ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಅವಳು ಹದಿನೆಂಟು ವರ್ಷದಿಂದ ಮುಖ್ಯ ಅಡುಗೆಯವಳು. ಅವಳು ಬಿಟ್ಟರೆ ಮಾರನೇ ದಿನವೇ ಆ ಜಾಗಕ್ಕೆ ನಾಲ್ಕು ಅರ್ಜಿ ಬರುತ್ತವೆ. ಆಮೇಲೆ ಮಗು ದೊಡ್ಡದಾಯಿತು, ಬರುತ್ತೇನೆ ಎಂದರೆ ಕರೆಯುವವರು ಯಾರೂ ಇರುವುದಿಲ್ಲ.

ಜನವರಿಯಲ್ಲಿ ಇದೇ ವಿಷಯಕ್ಕೆ ಮನೆಯಲ್ಲಿ ಜಗಳವಾಗಿತ್ತು. ಸೊಸೆ ಹೇಮಶ್ರೀ ಹಾಸನದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬಾಣಂತನದ ರಜೆ ಮುಗಿಯುತ್ತ ಬಂದಿತ್ತು.

"ಅತ್ತೆ, ಒಂದನೇ ತಾರೀಕು ನಾನು ಡ್ಯೂಟಿಗೆ ಹೋಗ್ಲೇಬೇಕು. ಇಲ್ಲಾಂದ್ರೆ ಬೇರೆಯವ್ರನ್ನ ತಗೋತಾರೆ," ಎಂದಿದ್ದಳು ಹೇಮ. ಅಷ್ಟು ಹೇಳಿದ್ದೇ ತಡ, ಮೂರು ಜನರ ಆರು ಕಣ್ಣೂ ನಂಜಮ್ಮನ ಕಡೆ ತಿರುಗಿದವು.

"ಎಲ್ರೂ ನನ್ ಮಕ ಯಾಕ್ ನೋಡ್ತೀರಿ?"

"ಇನ್ಯಾರ್ ಮಕ ನೋಡ್ಬೇಕೆ?" ಎಂದ ಜವರಪ್ಪ. "ಇಸ್ಕೂಲು ಸೌಟು ಮಡಗ್ಬುಟ್ಟು ಮನೇಲಿ ಕೂತ್ಕೊ. ಊರ್ ಮಕ್ಕಳಿಗೆ ಉಣ್ಣಿಕ್ತೀಯಂತೆ, ಮನೆ ಮಗೀಗೆ ಆಗಕ್ಕಿಲ್ವಾ?"

"ಉಣ್ಣಿಕ್ತೀನಿ. ಮೂರು ಗಂಟೆ ಆದ್ಮೇಲೆ. ಸೌಟು ಮಾತ್ರ ಬುಡಕ್ಕಿಲ್ಲ."

ಎರಡು ದಿನ ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಮೂರನೇ ದಿನ ರೇವಂತನೇ ಬಂದು, ಕಂಪನಿಯಲ್ಲಿ ಹೊಸದಾಗಿ ಒಂದು ನಿಯಮ ಬಂದಿದೆ, ಹೆಂಡತಿ ಕೆಲಸಕ್ಕೆ ಹೋಗುವವಳಾದರೆ ಅಪ್ಪನಿಗೂ ಮಗು ನೋಡಿಕೊಳ್ಳಲು ಮೂರು ತಿಂಗಳು ಅರ್ಧ ಸಂಬಳದ ರಜೆ ಕೊಡುತ್ತಾರೆ ಎಂದ. ಹೇಮ ದೇವರ ಗೂಡಿನ ಕಡೆ ನೋಡಿ ಕೈ ಮುಗಿದಳು. ಜವರಪ್ಪ ಮಾತ್ರ ಮಗನ ಮುಖವನ್ನು ಬೆಳಗಿನ ಹಾಜರಿಗೆ ನಿಂತ ಆಳನ್ನು ನೋಡುವ ಹಾಗೆ ನೋಡಿದ.

ರಜೆ ಶುರುವಾಗಿ ಮೂರನೇ ವಾರ. ಶಾಲೆಯ ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದ ಪಾರ್ವತಮ್ಮ ಕತ್ತಿ ನಿಲ್ಲಿಸಿದಳು. ಅವಳು ನಂಜಮ್ಮನ ಕೈಕೆಳಗಿನ ಸಹಾಯಕಿ. ಊರಿನ ಸುದ್ದಿಗೆಲ್ಲ ಯಜಮಾನಿ.

"ಅಕ್ಕ, ಬೇಜಾರ್ ಮಾಡ್ಕಬ್ಯಾಡ. ಊರಲ್ಲಿ ಒಂದ್ ಮಾತು ಐತೆ."

"ಊರಲ್ಲಿ ಯಾವಾಗ ಮಾತಿರ್ಲಿಲ್ಲ? ಹೇಳು."

"ನಿನ್ ಮಗನ್ನ ಸಸ್ಪೆಂಡ್ ಮಾಡವ್ರಂತೆ. ಮೆಣಸಿನ ತೂಕದಲ್ಲಿ ಏನೋ ಆಯ್ತಂತೆ. ಹುಚ್ಚಣ್ಣನ ಅಂಗ್ಡೀಲಿ ಅಂತಿದ್ರು. ನಾನ್ ನಂಬ್ಲಿಲ್ಲ ಬುಡು."

"ನಂಬ್ದೆ ಇದ್ರೆ ಇಲ್ಲಿಗಂಟ ಯಾಕ್ ಹೊತ್ಕಂಡ್ ಬಂದೆ? ಕಾಯಿ ಹೆಚ್ಚು."

ಹಾಗೆ ಬಾಯಿ ಮುಚ್ಚಿಸಿದಳೇನೋ ಸರಿ. ಆದರೆ ಅವತ್ತು ಮನೆಗೆ ಬಂದವಳು ಕಾಲು ತೊಳೆಯುವ ಮೊದಲು ಒಳಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ಮಗನ ಕಂಪನಿ ಅಂಗಿಯ ಜೇಬಿಗೆ ಕೈ ಹಾಕಿದಳು. ಒಂದು ಬಸ್ ಟಿಕೆಟ್ಟು, ಎರಡು ಕಾಳುಮೆಣಸು. ಅಂಗಿಯ ಪಕ್ಕದಲ್ಲೇ ದಾರದ ಸಮೇತ ಗುರುತಿನ ಕಾರ್ಡು ತೂಗುತ್ತಿತ್ತು.

"ಸಸ್ಪೆಂಡ್ ಮಾಡಿದ್ರೆ ಕಾರ್ಡು ಇಸ್ಕಳ್ತಿದ್ರು, ಅಲ್ವಾ?" ಎಂದು ಗಂಡನನ್ನು ಮೆಲ್ಲಗೆ ಕೇಳಿದಳು.

"ಅದು ಕೊನೇಲಿ. ಮೊದ್ಲು ಮನೇಲಿ ಕೂರುಸ್ತಾರೆ, ಆಮೇಲೆ ಇಚಾರಣೆ, ಆಮೇಲೆ ಕಾರ್ಡು."

"ಸಂಬ್ಳ ಕೊಡ್ತಾರಂತಲ್ಲ."

"ಎಷ್ಟು ಕೊಡ್ತಾರೆ? ಅರ್ಧ. ಸಸ್ಪೆಂಡ್ ಆದವ್ರಿಗೂ ಅರ್ಧಾನೇ ಕಣೆ ಕೊಡದು."

ನಂಜಮ್ಮ ಅಂಗಿಯ ಜೇಬನ್ನು ಮೊದಲಿದ್ದ ಹಾಗೆ ಸರಿಮಾಡಿ ಕಾಲು ತೊಳೆಯಲು ಹೋದಳು.

ಇನ್ನೊಂದು ವಿಷಯವೂ ಅವಳ ಕಣ್ಣಿಗೆ ಬಿದ್ದಿತ್ತು. ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಹಿತ್ತಲಿನ ಹಲಸಿನ ಮರದ ಕೆಳಗೆ ಮಾತ್ರ. ಮೊದಲೆಲ್ಲ ರೇವಂತ ಅಲ್ಲಿ ನಿಂತು ಊರಿಗೇ ಕೇಳುವ ಹಾಗೆ ಮಾತಾಡುತ್ತಿದ್ದ. ಈಗ ಮಗುವನ್ನು ಸೊಂಟಕ್ಕೇರಿಸಿಕೊಂಡು, ಮರದ ಆಚೆ ಮಗ್ಗುಲಿಗೆ ಹೋಗಿ ದನಿ ತಗ್ಗಿಸುತ್ತಿದ್ದ. ಒಂದು ಸಂಜೆ ಅವಳು ಬಟ್ಟೆ ತೆಗೆಯುವ ನೆಪದಲ್ಲಿ ಹತ್ತಿರ ಹೋದಳು.

"ಹೂಂ ಸಾರ್... ಹಂಗೇ ಅವ್ರೆ... ಇಲ್ಲ, ಇನ್ನೂ ಎದ್ದಿಲ್ಲ... ಕಷ್ಟಾನೇ ಸಾರ್."

ಫೋನ್ ಇಟ್ಟು ತಿರುಗಿದವನ ಎದುರಿಗೆ ಅಮ್ಮ ನಿಂತಿದ್ದಳು.

"ಯಾರ್ಲಾ ಇನ್ನೂ ಎದ್ದಿಲ್ದಿರೋದು?"

"ಅದು... ಪಾಪು ಕಣವ್ವ. ನಿದ್ದೆ ಮಾಡ್ತಾವ್ಳೆ ಅಂದೆ."

ಪಾಪು ಅವನ ಸೊಂಟದ ಮೇಲೆ ಕೂತು, ಕಣ್ಣು ಪಿಳಿಪಿಳಿ ಬಿಡುತ್ತ ಅಜ್ಜಿಯ ತಲೆಗೂದಲಿಗೆ ಕೈ ಚಾಚಿತು. ನಂಜಮ್ಮ ಮಗನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಒಣಗಿದ ಬಟ್ಟೆಯ ಜೊತೆ ಒಣಗದ ಎರಡನ್ನೂ ಎಳೆದುಕೊಂಡು ಒಳಗೆ ಹೋದಳು.

ಆ ರಾತ್ರಿ ಊಟಕ್ಕೆ ಕೂತಾಗ ಹೇಮನನ್ನೂ ಗಮನಿಸಿದಳು. ಹೇಮ ಬೆಳಗಿನ ಏಳೂವರೆ ಬಸ್ಸಿಗೆ ಹೋಗಿ ಸಂಜೆ ಆರೂವರೆಗೆ ಬರುವವಳು. ಬಂದ ಕೂಡಲೇ ಗಂಡನಿಗೆ ಪ್ರಶ್ನೆ ಹಾಕುತ್ತಿದ್ದಳು: ರಾಗಿ ಸರಿ ಎಷ್ಟು ಸಲ ತಿನ್ನಿಸಿದಿರಿ, ನೀರು ಕಾಯಿಸಿ ಆರಿಸಿದ್ದೇನಾ, ಬೆನ್ನಿನ ಮೇಲೆ ಇದೇನು ಕೆಂಪು? ಕೆಲಸದ ವಿಷಯ ಮಾತ್ರ ಒಂದು ದಿನವೂ ಕೇಳುತ್ತಿರಲಿಲ್ಲ. ಊರಿಗೆಲ್ಲ ಇರುವ ಅನುಮಾನ ಕಟ್ಟಿಕೊಂಡ ಹೆಂಡತಿಗೆ ಇಲ್ಲ ಎಂದರೆ, ಅವಳಿಗೆ ಏನೋ ಗೊತ್ತಿರಬೇಕು.

ಮಾರ್ಚ್ ಮೊದಲ ವಾರ ಜವರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಹಲ್ಲು ನೋವು, ಬಾಳ್ಳುಪೇಟೆಗೆ ಹೋಗಿಬರುತ್ತೇನೆ ಎಂದ. ಬೆಳಗ್ಗೆ ತಾನೇ ಅವನು ಕೊಬ್ಬರಿ ಕಡಿದು ತಿಂದದ್ದನ್ನು ನಂಜಮ್ಮ ನೋಡಿದ್ದಳು. ಆದರೂ ತಡೆಯಲಿಲ್ಲ. ಯಾರಾದರೊಬ್ಬರು ಹೋಗಿ ನಿಜ ತಿಳಿದುಕೊಂಡು ಬರಲಿ ಎಂದು ಅವಳಿಗೂ ಇತ್ತು.

ನಾಲ್ಕು ಗಂಟೆ ಬಸ್ಸಿಗೆ ವಾಪಸ್ಸು ಬಂದವನು ಕಾಫಿ ಕೊಟ್ಟರೂ ಮುಟ್ಟಲಿಲ್ಲ. ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏನ್ ಹಂಗ್ ನೋಡ್ತೀರಿ?"

"ನಡಿಯಕ್ಕಾಯ್ತದಾ ಅಂತ ನೋಡ್ತಿದ್ದೆ."

ಅದಕ್ಕಿಂತ ಹೆಚ್ಚು ಅವನು ಬಾಯಿ ಬಿಡಲಿಲ್ಲ. ಎಲ್ಲರೂ ಸೇರಲಿ ಎಂದು ಕಾದ. ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದ ಮೇಲೆ, ಮೊದಲ ತುತ್ತು ಮುರಿಯುತ್ತ ಹೇಳಿದ:

"ಗೋದಾಮಿಗೆ ಹೋಗಿದ್ದೆ. ರಜ ನಿಜ."

ರೇವಂತನ ಕೈ ತಟ್ಟೆಯಲ್ಲೇ ನಿಂತಿತು. ನಂಜಮ್ಮ ಉಸಿರು ಬಿಟ್ಟಳು. "ಸದ್ಯ. ನಾಳೆ ಆ ಪಾರ್ವತಿಗೆ..."

"ತಡಿ. ರಜ ನಿಜ, ಕಾರಣ ಸುಳ್ಳು. ಅಲ್ಲಿ ಮಹೇಶ ಅಂತ ಒಬ್ಬ ಅವ್ನೆ, ಇವನ್ ಜೊತೆ ಕೆಲ್ಸ ಮಾಡೋನು. ಟೀ ತರ್ಸಿ ಕೊಟ್ಟ. ಆಮೇಲೆ ಕೇಳ್ದ, ನಂಜಮ್ಮೋರು ಈಗ ಹೆಂಗವ್ರೆ ಸಾರ್, ಎಡಗೈ ಏನಾರ ಆಡ್ತದಾ ಅಂತ."

"ನನ್ ಎಡಗೈಯ?"

"ನಿಂಗೆ ಲಕ್ವ ಹೊಡ್ದೈತೆ ಕಣೆ. ಎಡಗಡೆ ಪೂರ್ತಿ. ದೀಪಾವಳಿಯಿಂದ ಹಾಸಿಗೆ ಹಿಡ್ದಿದ್ದೀಯ. ಮನೇಲಿ ಮಗೀನ ನೋಡ್ಕಳೋ ಹೆಂಗಸು ದಿಕ್ಕಿಲ್ಲ, ಅದುಕ್ಕೆ ರಜ ಬೇಕು ಅಂತ ನಿನ್ ಮಗ ಸ್ವಂತ ಕೈಯಲ್ಲಿ ಬರ್ಕೊಟ್ಟವ್ನೆ."

ನಂಜಮ್ಮ ತನ್ನ ಎಡಗೈಯನ್ನು ಮಡಿಲಿನಿಂದ ಎತ್ತಿ ನೋಡಿಕೊಂಡಳು.

"ಅದುಕ್ಕೆ ನೀವೇನಂದ್ರಿ?"

"ಇದ್ದಿದ್ನ ಅಂದೆ. ಅದೇ ಎಡಗೈಲಿ ಮೂವತ್ತು ಲೀಟ್ರು ಸಾರಿನ ಪಾತ್ರೆ ಇಳುಸ್ತಾಳೆ ಕಣಪ್ಪ ಅಂದೆ."

"ಅಪ್ಪ," ಎಂದ ರೇವಂತ. "ಹಂಗಂದ್ಬುಟ್ರಾ? ಆಫೀಸಲ್ಲಿ ಎಲ್ರ ಮುಂದೆ?"

"ಮೂವತ್ತೆಂಟು ವರ್ಷ ಹಾಜರಿ ಬರ್ದ ಬಾಯಿ ಇದು. ಸುಳ್ ರಜಕ್ಕೆ ಸಾಕ್ಷಿ ಹೇಳಕ್ಕಿಲ್ಲ."

"ನನ್ ಕೆಲ್ಸ ಹೋದ್ರೆ ಹಾಜರಿ ಪುಸ್ತಕ ಅನ್ನ ಹಾಕ್ತದಾ?"

"ಸುಮ್ನಿರಿ ಇಬ್ರೂ," ಎಂದಳು ನಂಜಮ್ಮ. "ಲೇ ರೇವಂತ, ನಂಗೆ ಲಕ್ವ ಹೊಡುಸ್ದೇನ್ಲಾ? ಒಂದು ಜ್ವರ, ಒಂದು ಮಂಡಿ ನೋವು, ಏನೂ ಸಿಗ್ಲಿಲ್ವಾ ನಿಂಗೆ? ಬಾಯಿ ಬುಟ್ಟು ಅಂದ್ರೆ ಆಗೇ ಹೋಯ್ತದೆ ಅಂತ ಒಂದು ಗಳಿಗೆ ಅನ್ನುಸ್ಲಿಲ್ವಾ?"

ರೇವಂತ ತಟ್ಟೆ ನೋಡುತ್ತಲೇ ಹೇಳಿದ. "ಮೊದ್ಲು ನಿಜಾನೇ ಬರ್ದಿದ್ದೆ ಕಣವ್ವ. ಅಮ್ಮ ಇಸ್ಕೂಲಲ್ಲಿ ಅಡುಗೆ ಕೆಲ್ಸಕ್ಕೆ ಹೋಯ್ತಾರೆ ಅಂತ. ಅರ್ಜಿ ವಾಪಸ್ ಬಂತು. ಅಜ್ಜಿ ಗಟ್ಟಿ ಇರೋವಾಗ ಅಪ್ಪಂಗ್ ಯಾಕ್ರೀ ರಜ ಅಂದ್ರು. ನೀನ್ ಕೆಲ್ಸ ಬುಡಕ್ಕಿಲ್ಲ ಅಂದಿದ್ದೆ. ಹೇಮನೂ ಬುಡಕ್ಕಾಗಲ್ಲ. ನಾನೇನ್ ಮಾಡ್ಲಿ?"

ನಂಜಮ್ಮ ಸೊಸೆಯ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತಾ?"

ಹೇಮ ಮಗುವಿನ ಬಾಯಿ ಒರೆಸುತ್ತಿದ್ದಳು. ಒರೆಸಿದ ಬಾಯನ್ನೇ ಇನ್ನೊಮ್ಮೆ ಒರೆಸಿದಳು. "ಎಡಗಡೆ ಅಂತ ಗೊತ್ತಿರ್ಲಿಲ್ಲ ಅತ್ತೆ."

ನಂಜಮ್ಮ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಒಂದೇ ತಟ್ಟೆಯನ್ನು ಬಹಳ ಹೊತ್ತು ತೊಳೆದಳು.

ಶನಿವಾರ ರೇವಂತನ ಫೋನಿಗೆ ಸಂದೇಶ ಬಂತು. ಗುರುವಾರ ಹನ್ನೊಂದು ಗಂಟೆಗೆ ಕಂಪನಿಯಿಂದ ಒಬ್ಬರು ಮನೆಗೆ ಬಂದು ಪರಿಶೀಲಿಸುತ್ತಾರೆ. ಕುಟುಂಬದವರೆಲ್ಲ ಹಾಜರಿರಬೇಕು.

ಇದನ್ನು ಓದಿ ಹೇಳಿದ ಮೇಲೆ ಜವರಪ್ಪನ ಬಣ್ಣವೇ ಬದಲಾಯಿತು. ಸುಳ್ಳು ಹೇಳದ ಬಾಯಿ ಎರಡು ದಿನ ಮುಚ್ಚಿಕೊಂಡಿತ್ತು. ಸೋಮವಾರ ತೆರೆದಾಗ ಬೇರೆಯೇ ರಾಗ.

"ನಂಜಿ, ಅರ್ಧ ಗಂಟೆ ಮಲಿಕ್ಕಂಡ್ರೆ ಏನ್ ಗಂಟು ಹೋಯ್ತದೆ?"

"ಗೋದಾಮಲ್ಲಿ ಪಾತ್ರೆ ಇಳ್ಸಿಬುಟ್ಟು ಬಂದು ಇಲ್ಲಿ ಹಾಸಿಗೆ ಹಾಸ್ತೀರಾ?"

"ಅದು ಮಹೇಶಂಗೆ ಹೇಳಿದ್ದು. ಮುದುಕನಿಗೆ ಅರಳುಮರಳು, ಹಳೇದೆಲ್ಲ ಹೇಳ್ತಾನೆ ಅಂದ್ರಾಯ್ತು. ಇನ್ಸ್‌ಪೆಕ್ಷನ್ನಿಗೆ ಬರೋರು ಏನ್ ನೋಡ್ತಾರೆ ಅಂತ ನಂಗ್ ಗೊತ್ತು. ಮಾತ್ರೆ ಡಬ್ಬ ಕಾಣ್ಬೇಕು, ಮುಲಾಮು ವಾಸ್ನೆ ಬರ್ಬೇಕು, ಮನೇಲಿ ಯಾರೂ ಜೋರಾಗಿ ಮಾತಾಡ್ಬಾರ್ದು."

ಹೇಮ ಕೂಡ ಸಂಜೆ ಬಂದು ಪಕ್ಕದಲ್ಲಿ ಕೂತಳು. "ಅತ್ತೆ, ಇನ್ನಾರು ವಾರ ಅಷ್ಟೆ. ಅಷ್ಟರಲ್ಲಿ ಹಾಸನದಲ್ಲಿ ಒಂದು ಶಿಶುವಿಹಾರ ನೋಡ್ತೀನಿ. ಈಗ ರಜ ಹೋದ್ರೆ ನಾನೋ ನೀವೋ, ಒಬ್ರು ಬಿಡ್ಬೇಕಾಗುತ್ತೆ."

"ನಾನೋ ನೀನೋ. ಅಷ್ಟೇ ಲೆಕ್ಕ ಅಲ್ವಾ ಈ ಮನೇಲಿ?"

ನಂಜಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಬುಧವಾರ ಮಾತ್ರ, ನಾಳೆ ನಾನು ಬರುವುದಿಲ್ಲ, ಮನೆಗೆ ನೆಂಟರು ಬರುತ್ತಾರೆ ಎಂದು ಪಾರ್ವತಮ್ಮನಿಗೆ ಹೇಳಿದಳು. ಹದಿನೆಂಟು ವರ್ಷದಲ್ಲಿ ಅವಳು ತಪ್ಪಿಸಿದ್ದು ಬೆರಳಲ್ಲಿ ಎಣಿಸುವಷ್ಟು ದಿನ.

"ಗುರುವಾರ ಯಾವ ನೆಂಟ್ರು ಅಕ್ಕ?" ಎಂದು ಪಾರ್ವತಮ್ಮ ಕಣ್ಣು ಕಿರಿದು ಮಾಡಿದಳು.

ಗುರುವಾರ ಹೇಮ ಡ್ಯೂಟಿಗೆ ಹೊರಡುವ ಮೊದಲು ಹಾಸಿಗೆಯ ಹತ್ತಿರ ಬಂದು ಕಲಿಸಿದಳು: ಎಡಗೈ, ಎಡಗಾಲು ಅಲ್ಲಾಡಿಸಬಾರದು, ಮಾತು ನಿಧಾನ, ಬಾಯಿ ಸ್ವಲ್ಪ ಒಂದು ಕಡೆಗೆ.

"ಬಾಯಿ ಸೊಟ್ಟ ಮಾಡಕ್ಕಿಲ್ಲ."

"ಬೇಡ ಬಿಡಿ ಅತ್ತೆ. ಎಲ್ರಿಗೂ ಬಾಯಿ ಸೊಟ್ಟ ಆಗಲ್ಲ."

ಹನ್ನೊಂದೂಕಾಲಿಗೆ ಬಾಗಿಲ ಮುಂದೆ ಜೀಪು ನಿಂತಿತು. ಬಂದವಳು ನಯನಾ ಎಂಬ ಹುಡುಗಿ. ಹೇಮನದೇ ವಯಸ್ಸು, ಹೆಗಲಿಗೆ ಚೀಲ, ಕೈಯಲ್ಲಿ ಟ್ಯಾಬು. ನಂಜಮ್ಮ ಒಳಕೋಣೆಯಲ್ಲಿ, ಕತ್ತಿನವರೆಗೆ ಕಂಬಳಿ ಹೊದ್ದು, ಜವರಪ್ಪನ ಕೆಮ್ಮಿನ ಔಷಧಿ ಬಾಟಲಿಗಳ ಪಕ್ಕ ಮಲಗಿದ್ದಳು. ಹಣೆಗೆ ಹಚ್ಚಿದ ಮುಲಾಮಿನ ಉರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಗೋಡೆಯ ಆಚೆ ಆಡಿದ ಮಾತೆಲ್ಲ ಕೇಳುತ್ತಿತ್ತು.

"ನಿಮ್ಮ ಆರೋಗ್ಯ ಹೇಗಿದೆ ಸರ್?" ಎಂದು ಹುಡುಗಿ ವಿಚಾರಿಸಿದಳು.

"ನಂಗೇನಮ್ಮ," ಜವರಪ್ಪನ ದನಿ ಏರಿತು. "ಅರವತ್ನಾಲ್ಕು. ಶುಗರ್ ಇಲ್ಲ, ಬಿಪಿ ಇಲ್ಲ. ದಿನಾ ಮಗ್ಗೆಗಂಟ ನಡ್ಕಂಡೇ ಹೋಗಿ ಬತ್ತೀನಿ. ಎಸ್ಟೇಟ್ ನಡೆದ ಕಾಲು."

ಆಮೇಲೆ ಮಗು ಅಳತೊಡಗಿತು. ನಂಜಮ್ಮ ಆ ಅಳು ಕೇಳಿದ ಕೂಡಲೇ, ಹಸಿವಲ್ಲ, ನಿದ್ದೆ ಎಂದುಕೊಂಡಳು. ಈಗ ಇವನು ಹಾಲಿನ ಬಾಟಲಿ ತುರುಕುತ್ತಾನೆ, ಅದು ಇನ್ನೂ ಕಿರುಚುತ್ತದೆ, ಎಲ್ಲ ಬಯಲಾಗುತ್ತದೆ ಎಂದು ಕಾದಳು.

"ನಿದ್ದೆ ಹೊತ್ತು ಮೇಡಂ, ಒಂದ್ ನಿಮಿಷ," ಎಂದ ರೇವಂತ. ಅವನ ಹೆಜ್ಜೆ ಜಗಲಿಯ ಉದ್ದಕ್ಕೂ ಹೋಗಿ ಬರುವುದು ಕೇಳಿಸಿತು. ಅಳು ಮುಲುಕಾಯಿತು, ಮುಲುಕು ನಿಂತಿತು. ಹುಡುಗಿ ಬಿಡಲಿಲ್ಲ. ಚುಚ್ಚುಮದ್ದು ಮುಂದಿನದು ಯಾವಾಗ, ಏನು ತಿನ್ನಿಸುತ್ತೀರಿ, ಯಾರು ಮಾಡುತ್ತಾರೆ ಎಂದು ಒಂದೊಂದಾಗಿ ಕೇಳಿದಳು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿಸಿ, ಬಟ್ಟೆಯಲ್ಲಿ ಸೋಸಿ ಸರಿ ಮಾಡುವುದನ್ನು ರೇವಂತ ಪಿಸುದನಿಯಲ್ಲಿ ಹೇಳಿದ. ಜರಡಿಯಲ್ಲಿ ಸೋಸಿದರೆ ಹೊಟ್ಟು ಉಳಿಯುತ್ತದೆ, ಇವಳಿಗೆ ಹೊಟ್ಟೆ ಕಟ್ಟುತ್ತದೆ ಎಂದ. ಇಷ್ಟೆಲ್ಲ ಇವನು ಯಾವಾಗ ಕಲಿತ? ದಿನವೂ ಮೂರು ಗಂಟೆಗೆ ಬಂದು, ಮಗು ಎತ್ತಿಕೊಂಡು, ನಿನ್ನ ಅಪ್ಪ ಏನೂ ಕೊಡಲಿಲ್ಲ ಅಲ್ವೇನೇ ಎಂದು ಕೇಳುತ್ತಿದ್ದವಳು ಅವಳೇ.

ಬಾಗಿಲ ಪರದೆ ಸರಿಯಿತು. ನಯನಾ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತಳು. ರೇವಂತ, ಜವರಪ್ಪ ಬಾಗಿಲಲ್ಲಿ ನಿಂತರು.

"ಹೇಗಿದ್ದೀರಮ್ಮ?"

ನಂಜಮ್ಮ ಕಣ್ಣು ಮಿಟುಕಿಸಿದಳು. ಹುಡುಗಿ ಕಂಬಳಿ ಸ್ವಲ್ಪ ಸರಿಸಿ, ಅವಳ ಎಡಗೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು. ಅಂಗೈ ತಿರುಗಿಸಿ ನೋಡಿದಳು. ಸೌಟಿನ ಹಿಡಿ ಕೂತು ಗಟ್ಟಿಯಾದ ಚರ್ಮ. ಮುಂಗೈ ಮೇಲೆ ಎರಡು ಬೆರಳಗಲ ಕೆಂಪು, ಇನ್ನೂ ನೀರುಗುಳ್ಳೆ ಒಡೆದಿರಲಿಲ್ಲ.

"ಈ ಸುಟ್ಟ ಗಾಯ ಯಾವಾಗಿಂದು?"

"ಹಳೇದು," ಎಂದ ಜವರಪ್ಪ.

"ಬಿಸಿನೀರ ಶಾಖ ಕೊಡೋವಾಗ," ಎಂದ ರೇವಂತ.

ಎರಡೂ ಒಟ್ಟಿಗೇ ಬಂದವು. ನಯನಾ ಕೈ ಬಿಡದೆ ಇಬ್ಬರನ್ನೂ ನೋಡಿದಳು. ಆಮೇಲೆ ನಂಜಮ್ಮನನ್ನು ನೋಡಿದಳು. ನಂಜಮ್ಮ ಕಂಬಳಿ ಒದ್ದು ಎದ್ದು ಕೂತಳು.

"ಮೊನ್ನೆ ಮಂಗಳವಾರದ್ದು ಕಣವ್ವ. ಅನ್ನದ ಪಾತ್ರೆ ಮುಚ್ಚಳ ತೆಗೆಯೋವಾಗ ಹಬೆ ಹೊಡೀತು. ನಂಗೇನೂ ಆಗಿಲ್ಲ."

"ಅವ್ವ," ಎಂದ ರೇವಂತ.

"ಸುಮ್ನಿರ್ಲಾ. ಒಂದು ಗಂಟೆ ಹೊತ್ತಿಂದ ಮಲಿಕ್ಕಂಡು ನಿಜವಾಗ್ಲೂ ಸೊಂಟ ಹಿಡೀತು ನಂಗೆ." ಅವಳು ಸೆರಗಿನಿಂದ ಹಣೆಯ ಮುಲಾಮು ಒರೆಸಿಕೊಂಡಳು. "ನೋಡವ್ವ, ಇವನು ಸುಳ್ ಬರ್ದಿದ್ದು ತಪ್ಪು. ಆದ್ರೆ ಮೊದ್ಲು ನಿಜ ಬರ್ದಿದ್ದನಂತೆ. ನೀವೇ ಹಿಂದುಕ್ ಕಳ್ಸಿದ್ರಂತೆ."

ನಯನಾ ಟ್ಯಾಬಿನಲ್ಲಿ ಬೆರಳಾಡಿಸಿ ಹುಡುಕಿದಳು. ಸಿಕ್ಕಿತು. "ಹೌದು. ಜನವರಿ ಇಪ್ಪತ್ತೆರಡು. ಅಜ್ಜಿಯದು ಅರೆಕಾಲಿಕ ಕೆಲಸ, ಬಿಡಬಹುದು ಅಂತ ಷರಾ ಹಾಕಿದಾರೆ."

"ಯಾರು ಹಾಕಿದ್ದು?"

"ಮೇಲಿನವರು ಅಮ್ಮ."

"ನಾನ್ ಬುಡಬೋದು ಅನ್ನಕ್ಕೆ ಅವ್ರಿಗ್ ನಾನ್ ಅಡುಗೆ ಮಾಡಿ ಹಾಕ್ತಿದ್ನಾ? ನಲವತ್ತೊಂದು ಮಕ್ಳು ಉಣ್ತವೆ ನನ್ ಕೈಲಿ. ಒಂಬತ್ತೂವರೆಯಿಂದ ಮೂರು ಗಂಟೆ. ಹಂಗೇ ಬರಿ."

"ಬರೀತೀನಿ." ಹುಡುಗಿ ನಿಜವಾಗಿಯೂ ಬರೆದಳು. "ಅಂದ್ರೆ ನೀವು ಹಗಲು ಮನೇಲಿರಲ್ಲ. ಇವರ ಮಿಸೆಸ್ಸೂ ಇರಲ್ಲ. ಇನ್ನೊಂದು ಪ್ರಶ್ನೆ ಇದೆ. ಮನೆಯಲ್ಲಿ ದಿನವಿಡೀ ಇರುವ, ಆರೋಗ್ಯವಾಗಿರುವ ವಯಸ್ಕರು ಬೇರೆ ಯಾರಾದರೂ?"

"ಇಲ್ಲ," ಎಂದ ರೇವಂತ.

"ಇಲ್ಲ," ಎಂದ ಜವರಪ್ಪ.

"ಇಲ್ಲ ಕಣವ್ವ," ಎಂದಳು ನಂಜಮ್ಮ.

ನಯನಾ ಬರೆಯಲು ಬಗ್ಗಿದವಳು ನಿಲ್ಲಿಸಿ ತಲೆಯೆತ್ತಿದಳು. ಬಾಗಿಲಿನ ಚೌಕಟ್ಟು ತುಂಬಿಕೊಂಡು ಜವರಪ್ಪ ನಿಂತಿದ್ದ.

"ಸರ್, ನೀವು?"

"ನಾನೇನಮ್ಮ?"

"ನೀವು ಹಗಲು ಎಲ್ಲಿರ್ತೀರಿ?"

"ಇಲ್ಲೇ. ಮನೇಲೇ." ಹೇಳಿದ ಮೇಲೆ ಅವನಿಗೆ ಮಾತಿನ ದಾರಿ ಹೊಳೆಯಿತು. "ನಾನು ಗಂಡಸು ಕಣಮ್ಮ."

"ಈ ರಜ ಇರೋದೇ ಗಂಡಸರಿಗೆ ಸರ್."

ನಂಜಮ್ಮ ಗಂಡನ ಮುಖ ನೋಡಿದಳು. ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಬಾಯಿ ಹೀಗೆ ತೆರೆದು ನಿಂತದ್ದನ್ನು ಅವಳು ನೋಡಿರಲಿಲ್ಲ. ತಾನೂ ಇಲ್ಲ ಕಣವ್ವ ಎಂದದ್ದು ನೆನಪಾಗಿ ನಗುವುದಕ್ಕೂ ಆಗಲಿಲ್ಲ.

ಮಾರನೇ ದಿನ ಪತ್ರ ಬಂತು. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಲಿಖಿತ ಎಚ್ಚರಿಕೆ. ಉಳಿದ ಆರು ವಾರದ ರಜೆ ರದ್ದು, ಸೋಮವಾರ ಹಾಜರಾಗಬೇಕು. ಕೆಲಸ ಮಾತ್ರ ಉಳಿದಿತ್ತು.

ಮನೆಯಲ್ಲಿ ಯಾರೂ ಇಂಥವರೇ ನೋಡಿಕೊಳ್ಳಬೇಕು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಶನಿವಾರ ಬೆಳಗ್ಗೆ ನಂಜಮ್ಮ ಕಾಫಿ ಲೋಟದ ಜೊತೆ ಮಗುವನ್ನೂ ತಂದು ಗಂಡನ ಮಡಿಲಲ್ಲಿ ಕೂರಿಸಿದಳು.

"ಏನೇ ಇದು?"

"ಹಾಜರಿ."

ಭಾನುವಾರವಿಡೀ ರೇವಂತ ಅಪ್ಪನಿಗೆ ಕಲಿಸಿದ. ಬಟ್ಟೆ ಕಟ್ಟುವುದು, ಸರಿ ಕಾಯಿಸುವುದು, ಬೆರಳಲ್ಲಿ ಬಿಸಿ ನೋಡುವುದು. ಜವರಪ್ಪ ಪ್ರತಿಯೊಂದಕ್ಕೂ ತಗಾದೆ ತೆಗೆದ. ಇಷ್ಟು ತೆಳ್ಳಗಾದರೆ ಹೊಟ್ಟೆ ಹೇಗೆ ತುಂಬುತ್ತದೆ, ಇದು ನಿಜವಾಗಿ ಅಳುತ್ತಿದೆಯೋ ನಾಟಕವೋ, ಎಂದ.

"ಏಳು ತಿಂಗಳ ಮಗು ಅದು, ಎಸ್ಟೇಟ್ ಲೈನಿನ ಆಳಲ್ಲ," ಎಂದಳು ನಂಜಮ್ಮ ಒಳಗಿನಿಂದ.

ಸಂಜೆ ರೇವಂತ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಕಂಪನಿ ಅಂಗಿಗೆ ತಾನೇ ಇಸ್ತ್ರಿ ಹಾಕಿ ಕೈಯಲ್ಲಿ ಹಿಡಿದಿದ್ದ.

"ಈ ವಾರ ಪಾಪು ತೆವಳಕ್ಕೆ ಶುರು ಮಾಡ್ತಾಳೆ ಕಣವ್ವ. ಮಂಡಿ ಊರ್ತಾವ್ಳೆ. ನಾಳೆನೋ ನಾಡಿದ್ದೋ. ನೀನ್ ಅವತ್ತು ಇನ್ನೊಂದರ್ಧ ಗಂಟೆ ಮಲಗಿದ್ದಿದ್ರೆ ನಾನೇ ನೋಡ್ತಿದ್ದೆ..."

ನಂಜಮ್ಮ ತರಕಾರಿ ಹೆಚ್ಚುತ್ತಲೇ ಇದ್ದಳು. "ನೀನು ಇಷ್ಟು ಚೆನ್ನಾಗ್ ನೋಡ್ಕತೀಯ ಅಂತ ನಂಗ್ ಗೊತ್ತಿರ್ಲಿಲ್ಲ," ಎಂದಳು. ರೇವಂತ ಅಂಗಿಯನ್ನು ಗೂಟಕ್ಕೆ ಹಾಕಲು ಹೋದ.

ಸೋಮವಾರ ಮಗ, ಸೊಸೆ ಏಳೂವರೆ ಬಸ್ಸಿಗೇ ಒಟ್ಟಿಗೆ ಹೋದರು. ಒಂಬತ್ತೂಕಾಲಿಗೆ ನಂಜಮ್ಮ ಹೊರಟಳು. ಗಂಡ ಜಗಲಿ ಮೇಲೆ ಮಗುವನ್ನು ಎರಡು ಕೈಯಲ್ಲೂ ಹಿಡಿದು, ತುಂಬಿದ ಪಾತ್ರೆ ಹಿಡಿದವನ ಹಾಗೆ ಕೂತಿದ್ದ.

ಹನ್ನೊಂದು ಗಂಟೆಗೆ ಶಾಲೆಯ ಗೇಟಿನ ಹತ್ತಿರ ಮಕ್ಕಳ ಗುಲ್ಲೆದ್ದಿತು. ಪಾರ್ವತಮ್ಮ ಕಿಟಕಿಯಿಂದ ಇಣುಕಿ, "ಅಕ್ಕ, ನಿಮ್ಮೋರು," ಎಂದಳು. ಜವರಪ್ಪ ಮಗುವನ್ನು ಎತ್ತಿಕೊಂಡು, ಹೆಗಲ ಮೇಲೆ ಸಣ್ಣ ಬಟ್ಟೆ ಹಾಕಿಕೊಂಡು ಅಡುಗೆಮನೆ ಬಾಗಿಲಿಗೆ ಬಂದ.

"ಅ‌ಳ್ತಾನೇ ಐತೆ. ಹಿಡ್ಕೊ ಒಸಿ."

ಮಗು ಅಳುತ್ತಿರಲಿಲ್ಲ. ತಾತನ ಕಿವಿ ಹಿಡಿದು ಆಡುತ್ತಿತ್ತು. ನಂಜಮ್ಮನ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಬೇಳೆಯ ಪಾತ್ರೆಯ ಮುಚ್ಚಳ. ಅವಳು ಮೊಣಕೈಯಿಂದ ಮಗುವಿನ ತಳ ಮುಟ್ಟಿ ನೋಡಿದಳು. ಒಣಗಿತ್ತು. ಟೋಪಿ ಸರಿಯಾಗಿತ್ತು. ಬಾಯಿಯ ಬದಿಯಲ್ಲಿ ಸರಿ ತಿಂದ ಗುರುತಿತ್ತು.

"ಕೈ ಬಿಡುವಿಲ್ಲ," ಎಂದಳು. "ಹನ್ನೊಂದೂವರೆಗೆ ಮಲುಗ್ಸಬೇಕು. ಹೊರಡಿ."

"ಒಂದೈದು ನಿಮಿಷ ಕಣೆ. ಹುಚ್ಚಣ್ಣನ ಅಂಗ್ಡೀಲಿ ಬೀಡಿ ತಗಂಡ್ ಬಂದ್ಬುಡ್ತೀನಿ."

"ಅಂಗ್ಡಿ ಎಲ್ಲೂ ಓಡೋಗಲ್ಲ. ಮೂರು ಗಂಟೆಗೆ ಬತ್ತೀನಿ, ಆಮೇಲೆ ಹೋಗಿ."

ಮಕ್ಕಳು ಕಿಸಕ್ಕನೆ ನಕ್ಕರು. ಜವರಪ್ಪ ಯಾರು ನಕ್ಕಿದ್ದು ಎಂದು ತಿರುಗಿ ನೋಡಿದ. ಹಳೆಯ ಕಣ್ಣು ಸಾಲಿನ ಮೇಲೆ ಒಂದು ಸುತ್ತು ಓಡಿತು. ಆಮೇಲೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಗೇಟಿನ ಕಡೆ ನಡೆದ.

ನಂಜಮ್ಮ ಕಿಟಕಿಗೆ ಬಂದಳು. ಗೇಟು ದಾಟಿದ ಮೇಲೆ ದಾರಿ ಎರಡಾಗುತ್ತದೆ. ಎಡಕ್ಕೆ ಮನೆ, ಬಲಕ್ಕೆ ಹುಚ್ಚಣ್ಣನ ಅಂಗಡಿ. ಜವರಪ್ಪ ಅಲ್ಲಿ ಬಂದು ನಿಂತ. ಆ ಕಡೆ ನೋಡಿದ, ಈ ಕಡೆ ನೋಡಿದ. ಮಗು ಅವನ ಹೆಗಲ ಮೇಲಿನಿಂದ ಹಿಂದಕ್ಕೆ, ಶಾಲೆಯ ಕಡೆ ನೋಡುತ್ತಿತ್ತು.

"ಅಕ್ಕ, ಬೇಳೆ ತಳ ಹಿಡೀತದೆ," ಎಂದಳು ಪಾರ್ವತಮ್ಮ.

"ಹಿಡೀಲಿ, ತಡಿ," ಎಂದಳು ನಂಜಮ್ಮ, ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.